ಸಾಕವ್ವ, ಸಖೂ, ಸಖಿ

ತಡವಳ, ತಾ. ಅಕ್ಕಲಕೋಟ
ಮಂಗಳವಾರ, ೧೧ ಫೆಬ್ರವರಿ ೨೦೨೫

ಪ್ರೀತಿಯ ಅಕ್ಕಾ,

ನಿನ್ನ ತಮ್ಮ ಅಣ್ಣಾರಾಯನ ಶರಣು. ಮೊಣಕಾಲು ನೋವು ಹೇಗಿದೆ? ಸೊಲ್ಲಾಪುರದ ಆ ಚಾಳಿನ ಮೆಟ್ಟಿಲು ಈಗಲೂ ಹತ್ತಿ ಇಳಿಯುತ್ತೀಯಾ? ಫೋನು ಮಾಡಬಹುದಿತ್ತು. ಆದರೆ ನಾಟಕದಲ್ಲಿ ರಾಜಪಾರ್ಟು ಮಾಡಿ ಮಾಡಿ ಕೆಟ್ಟ ಈ ಗಂಟಲಿಗೆ ಗುಟ್ಟು ಹೇಳಲು ಬಾರದು. ನಾನು ಪಿಸುಗುಟ್ಟಿದರೂ ಓಣಿಯೆಲ್ಲ ಕೇಳುತ್ತದೆ.

ನನ್ನ ಮಗ ಓಂಕಾರನಿಗೆ ಮೂರನೆಯದೂ ಹೆಣ್ಣು. ತಾಯಿ, ಮಗು ಆರಾಮ. ಕೂಸನ್ನು ನನ್ನ ಕೈಗೆ ಕೊಟ್ಟರು. ಸಂತೋಷವಾಗಬೇಕಿತ್ತು, ಇಲ್ಲವೇ ದುಃಖ, ಎರಡೂ ಬರಲಿಲ್ಲ. ನನ್ನಾಕೆ ಸೋನಾಬಾಯಿ ಬಾಣಂತಿಯ ಎದುರಿಗೇ ಅಂದಳು: "ಇದಕ್ಕ ಸಾಕವ್ವ ಅಂತ ಇಡ್ರಿ, ಮುಂದಿಂದು ಗಂಡಾಗ್ತದ. ನಿಮ್ಮ ಮನ್ಯಾಗ ಆಗಿಲ್ಲೇನು?"

ಆಗಿದೆ. ನಾಲ್ಕನೆಯ ಹೆಣ್ಣಾಗಿ ನೀನು ಬಂದಾಗ, ಹೆಣ್ಣು ಸಾಕು ಎಂದು ಅಪ್ಪ ಬೀರೋಬನಿಗೆ ಹೇಳಿದ ಮಾತೇ ನಿನ್ನ ಹೆಸರು; ದೇವರು ಕೊಟ್ಟ ಉತ್ತರ ನಾನು. ಆಗ ಬಾವಿಯ ಹತ್ತಿರ ಸಾಕವ್ವಾ ಎಂದು ಕೂಗಿದರೆ ಕೊಡ ಹೊತ್ತವರೆಲ್ಲ ತಿರುಗುತ್ತಿದ್ದರು. ಆಮೇಲೆ ಮನೀಷಾಗಳು ಬಂದರು, ಪ್ರಾಜಕ್ತಾಗಳು ಬಂದರು. ಈಗ ತಡವಳದಲ್ಲಿ ಓ ಎನ್ನಲು ಒಬ್ಬ ಸಾಕವ್ವನೂ ಇಲ್ಲ. ನೀನಂತೂ ಲಗ್ನವಾದ ವರ್ಷವೇ ಬದಲಾದೆ. ಚಾಳಿನ ಮರಾಠಿ ಹೆಂಗಸರ ಕಿವಿಯಲ್ಲಿ ಸಾಕವ್ವ ಹೋಗಿ ಸಖೂ ಆಯಿತು, ಅಂದರೆ ಗೆಳತಿ. "ನನ್ನ ಹೆಸರ ತೊಳದು ಕೊಟ್ಟಾರ ನೋಡೋ ತಮ್ಮಾ" ಎಂದು ನಕ್ಕಿದ್ದೆ.

ಸೊಸೆ ಪ್ರಾಜಕ್ತಾ ಮರಾಠಿ ಸಾಲಿ ಕಲಿತವಳು, ಕನ್ನಡ ಅಷ್ಟಕ್ಕಷ್ಟೆ. ಅತ್ತೆಯ ಮಾತಿನಲ್ಲಿ ಅವಳಿಗೆ ಕೇಳಿಸಿದ್ದು ಸಾಕು ಎಂಬುದಲ್ಲ, ಗಂಡನ ಸೋದರತ್ತೆಯಾದ ನೀನು ಮಾತ್ರ. "ಸಖೂ ಆತ್ಯಾಂದು ಹೆಸರಾ? ಛಾನ್ ಆತ್ರಿ. ಸಖಿ ಅಂತ ಇಡೂಣು, ಈಗ ಭಾಳ ಮಂದಿ ಇಡಾಕತ್ತಾರ" ಎಂದು ಮುಖ ಅರಳಿಸಿದಳು. ಅತ್ತೆಗೂ ಒಪ್ಪಿಗೆ, ಸೊಸೆಗೂ ಒಪ್ಪಿಗೆ. ಒಬ್ಬಳು ಸಾಕು ಅನ್ನುತ್ತಿದ್ದಾಳೆ, ಇನ್ನೊಬ್ಬಳು ಗೆಳತಿ ಅನ್ನುತ್ತಿದ್ದಾಳೆ. ಊಟ ಬಡಿಸಿದರು, ಉಂಡೆ.

ಭಾವನವರಿಗೆ ನಮಸ್ಕಾರ, ನಿನ್ನ ಮೊಮ್ಮಕ್ಕಳಿಗೆ ಆಶೀರ್ವಾದ. ಬೀರೋಬ ನಿನ್ನ ಕಾಲಿಗೆ ಬಲ ಕೊಡಲಿ.

ನಿನ್ನ ತಮ್ಮ,
ಅಣ್ಣಾರಾಯ

ತಾ.ಕ.: ಭಾನುವಾರ ತೊಟ್ಟಿಲು. ಓಂಕಾರನಿಗೆ ಅಕ್ಕ-ತಂಗಿ ಇಲ್ಲ, ಹಾಗಾಗಿ ಸೋದರತ್ತೆಯ ಜಾಗದಲ್ಲಿ ನಿಂತು ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ನೀನೇ. ಒಮ್ಮೆ ಹೇಳಿದ ಮೇಲೆ ಯಾರೂ ಬದಲಿಸುವಂತಿಲ್ಲ. ಸಖಿ ಅಂದೆಯೋ, ಸೋನಾಬಾಯಿ ಕಡೆತನಕ ಸಾಕವ್ವ ಎಂದೇ ಕರೆಯುತ್ತಾಳೆ. ಎರಡನ್ನೂ ಬಿಡು. ಚಿಕ್ಕವಳಿದ್ದಾಗ ನಿನಗೊಂದು ಬೇರೆ ಹೆಸರು ಬೇಕಿತ್ತಲ್ಲ, ಅದು ಯಾವುದೆಂದು ನಮ್ಮ ಮನೆಯಲ್ಲಿ ಯಾರೂ ಕೇಳಲಿಲ್ಲ. ಅದನ್ನು ಹೇಳು.