ಆರನೆಯ ಕಾಲಂ

ಮಾರ್ಚ್ 3, ಸೋಮವಾರ
ನಲವತ್ತೊಂದನೆಯ ಫೈಲು ಟೈಪಾಯಿತು. ಮನೆಯ ಮುಂಗೋಣೆಯೇ ಆಫೀಸು. ಎಲ್ಲದರಲ್ಲೂ ಒಂದೇ ಕಥೆ — ಮಾಟಗಾತಿ ಎಂದು ಹೆಂಗಸೊಬ್ಬಳ ಮೇಲೆ ಬೀದಿಯವರು ತಿರುಗಿಬಿದ್ದದ್ದು. ಪ್ರೊಫೆಸರಮ್ಮನಿಗೆ ಸಂಶೋಧನೆ ಆಗಬೇಕು, ವಕೀಲರಿಗೆ ಪೊಲೀಸರು ಪಾಲಿಸಬೇಕಾದ ನಿಯಮಾವಳಿ. ನಡುವೆ ಬೆರಳು ಸವೆಸುವವಳು ನಾನು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಇಬ್ಬರ ಕಾಗುಣಿತವನ್ನೂ ತಿದ್ದುತ್ತೇನೆ.

ಫೈಲಿಗೆ ಕಾಲಂ ಹಾಕಿಕೊಟ್ಟದ್ದೂ ನಾನೇ, ಒಂದರ ಹಿಂದೊಂದು ನಡೆಯುವ ಕ್ರಮದಲ್ಲಿ. ಒಂದು, ಮಾತು ನಿಲ್ಲುತ್ತದೆ. ಎರಡು, ಮಕ್ಕಳನ್ನು ಒಳಗೆಳೆದುಕೊಳ್ಳುತ್ತಾರೆ. ಮೂರು, ಕೊಟ್ಟ ವಸ್ತು ವಾಪಸ್ಸು. ನಾಲ್ಕು, ಕಲ್ಲು. ಐದು, ಗಂಡಸರು ಗುಂಪು ಸೇರುವುದು. ಆರು, ಹಲ್ಲೆಯ ತಾರೀಖು. ಐದು ತುಂಬಿದ ಮೇಲೆ ಆರು ಖಾಲಿ ಉಳಿದದ್ದು ನಾಲ್ಕೇ ಫೈಲಿನಲ್ಲಿ.

ಮಾರ್ಚ್ 6
ಸಂಶೋಧನೆಯ ಹೊಸ ಪ್ರಶ್ನಾವಳಿಯನ್ನು ಮೊದಲು ಎಲ್ಲಾದರೂ ಪರೀಕ್ಷಿಸಬೇಕಂತೆ. "ನಿಮ್ಮ ಬೀದೀಲೇ ಕೇಳಿ ನೋಡ್ರೀ. ನಿಮಗೇನು, ಕಲ್ಲನ್ನೂ ಮಾತಾಡಿಸ್ತೀರ!" ಎಂದರು ಪ್ರೊಫೆಸರಮ್ಮ. ಹದಿನಾರು ಮನೆ, ಒಂದೇ ಸಂಜೆ. ಯಾರಿಗೆ ಕಾಯಿಲೆ, ಯಾವಾಗಿನಿಂದ, ಯಾರ ಮೇಲೆ ಗುಮಾನಿ... ಎದುರುಮನೆ ದರ್ಜಿಯ ಹೆಂಡತಿ ನಕ್ಕಳು. "ಮಗೂಗೆ ನೆಗಡಿ ಬಿಟ್ರೆ ಏನೂ ಇಲ್ಲಕ್ಕಾ. ಅದನ್ನೂ ಬರ್ಕೊ!"
ಪುಸ್ತಕದಲ್ಲಿ ಬರೆದುಕೊಂಡೆ.

ಮಾರ್ಚ್ 15
ದರ್ಜಿಯ ಮಗು ಹೋಯಿತು. ನ್ಯುಮೋನಿಯಾ. ನೋಡಲು ಹೋದೆ, ಬಾಗಿಲಲ್ಲೇ ತಡೆದರು. ಒಳಗಿನಿಂದ ತಾಯಿ ಕೇಳಿದ್ದು ಒಂದೇ — "ಆ ಪುಸ್ತಕದಲ್ಲಿ ಇನ್ನೂ ಯಾರ್ಯಾರ ಮಕ್ಕಳಿದಾರೆ?"

ಮಾರ್ಚ್ 18
ಕಿರಾಣಿಯಾತ ಸಾಮಾನು ಕೊಟ್ಟ, ಮಾತು ಕೊಡಲಿಲ್ಲ. ನನ್ನೆದುರು ಬಾಯಿ ಮುಚ್ಚಿಕೊಂಡಿರುವುದೆಂದರೆ ಅವನಿಗೂ ಸುಲಭವಲ್ಲ. ನಾನು ತಿರುವಿಗೆ ಬರುತ್ತಲೇ ಮಕ್ಕಳ ಆಟ ಬಂದ್.
ಪಕ್ಕದ ಮನೆಯವರು ನಮ್ಮ ಏಣಿ ತಂದು ಗೋಡೆಗೊರಗಿಸಿ ಓಡಿದರು. ಎರಡು ವರ್ಷದಿಂದ ಕೇಳಿ ಸಾಕಾಗಿತ್ತು. "ಅಂತೂ ಬಂತಲ್ಲಕ್ಕಾ," ಎಂದು ತಂಗಿಗೆ ಖುಷಿ. ಅವಳು ಫೈಲು ಓದಿಲ್ಲ.

ಮಾರ್ಚ್ 21
ಕಿಟಕಿಯ ಗಾಜು ಹೋಯಿತು. ವಕೀಲರಿಗೆ ಫೋನ್ ಮಾಡಿದೆ. "ಕಲ್ಲು ಬಿದ್ದ ಕೂಡ್ಲೇ ಪೊಲೀಸ್ರು ಬರ್ಬೇಕು ಅಂತ ನಿಯಮದಲ್ಲಿದೆಯಲ್ಲಾ ಸಾರ್, ನಾನೇ ಟೈಪ್ ಮಾಡಿದ್ದು."
"ಇದೆಯಮ್ಮಾ. ಸಹಿ ಆಗಿಲ್ಲ. ಗುರುವಾರ ಮೀಟಿಂಗು."

ಮಾರ್ಚ್ 23, ಭಾನುವಾರ, ಬೆಳಿಗ್ಗೆ 11
ತಂಗಿಯನ್ನು ಬಸ್ಸು ಹತ್ತಿಸಿ ಬಂದೆ. ನಾನೂ ಹತ್ತಬಹುದಿತ್ತು. ಹೊರಲಾಗದಷ್ಟು ಫೈಲುಗಳಿವೆ — ಜೀವ ಉಳಿಸಿಕೊಂಡು ಅಡಗಿರುವ ಹೆಂಗಸರ ವಿಳಾಸ ಅವುಗಳಲ್ಲಿದೆ. ಈ ಬೀದಿಯ ಕೈಗೆ ಬಿಟ್ಟುಹೋಗುವುದೆ? ಹನ್ನೆರಡಕ್ಕೆ ಕಾರು ತರುತ್ತೇನೆಂದಿದ್ದಾರೆ ಪ್ರೊಫೆಸರಮ್ಮ.

12.20
ಕಾರಿಲ್ಲ. ದರ್ಜಿಯ ಮನೆ ಮುಂದೆ ಗಂಡಸರು. ಎಣಿಸಿದೆ, ಚಾಳಿ — ಹದಿನಾಲ್ಕು. ಕಿರಾಣಿಯಾತನೂ ಇದ್ದಾನೆ.
ಹೊಸ ಹಾಳೆ ತೆಗೆದೆ. ಫೈಲು ನಲವತ್ತೆರಡು. ವೃತ್ತಿ, ಟೈಪಿಂಗ್. ವಯಸ್ಸು, ಐವತ್ತೊಂದು. ಪ್ರೊಫೆಸರಮ್ಮನಿಗೆ ನಲವತ್ತೇಳು ಎಂದಿದ್ದೆ... ಇರಲಿ. ಐದೂ ಕಾಲಂ ತುಂಬಿದವು.
ಈಗ ಎಣಿಸಿದರೆ ಹನ್ನೊಂದೇ ಜನ.
ಏಣಿ ಹೊರಗೇ ಇದೆ. ಒಳಗೆ ತರಬೇಕಿತ್ತು. ಮಾಳಿಗೆಯ ಮೇಲೆ ಹೆಜ್ಜೆ — ಆರನೆಯದಕ್ಕೆ ನಾನೇ ಬರೆದಿಡುತ್ತೇನೆ, ಮಾರ್ಚ್ ಇಪ್ಪತ್ತ