ಆಷಾಢ ಕಳೆಯಲೆಂದು ಕಾಯುತ್ತಿರುವ ಯಂತ್ರ

ಆಸ್ಪತ್ರೆಯ ಮಾನ್ಯ ಆಡಳಿತಾಧಿಕಾರಿಗಳೇ,

ನಿಮ್ಮ ಆಸ್ಪತ್ರೆಯ ಎರಡನೇ ಮಹಡಿಯಲ್ಲಿ ಕೆಂಪು ರಿಬ್ಬನ್ ಕಟ್ಟಿಸಿಕೊಂಡು ಒಂದು ಯಂತ್ರ ಕೂತಿದೆ. ಅದನ್ನು ಬಳಸದೆ ಮಾಡಿದ ಆಪರೇಷನ್ನಿನಲ್ಲಿ ನನ್ನ ಹೆಂಡತಿ ದಾಕ್ಷಾಯಿಣಿಯ ಮಾತು ಹೋಯಿತು, ನುಂಗುವ ಶಕ್ತಿಯೂ ಹೋಯಿತು. ಯಂತ್ರಕ್ಕೆ ಮಾತ್ರ ಏನೂ ಆಗಿಲ್ಲ. ಪ್ಲಾಸ್ಟಿಕ್ ಹೊದ್ದುಕೊಂಡು ಸುಖವಾಗಿದೆ.

ಆಕೆಯ ಮಿದುಳಿನ ಕಾಂಡದಲ್ಲಿ ಗಡ್ಡೆಯಿತ್ತು. ಹೆಬ್ಬೆರಳಿನಷ್ಟು ದಪ್ಪದ ಆ ಜಾಗದಲ್ಲೇ ಮುಖ, ನಾಲಿಗೆ, ಗಂಟಲು ಆಡಿಸುವ ನರಗಳ ಮೂಲ. ಗಡ್ಡೆ ಬೆಳೆದಾಗ ಅವು ಅತ್ತಿತ್ತ ಸರಿದಿರುತ್ತವೆ, ಕಣ್ಣಿಗೆ ಗುರುತು ಸಿಗುವುದಿಲ್ಲ. ಈ ಯಂತ್ರದ ಕಡ್ಡಿ ತಾಗಿಸಿ ತೀರ ಸಣ್ಣ ಕರೆಂಟು ಕೊಟ್ಟರೆ, ನಾಲಿಗೆಯ ನರವಿದ್ದಲ್ಲಿ ನಾಲಿಗೆ ಮಿಡಿದದ್ದು ಪರದೆಯ ಮೇಲೆ ಕಾಣುತ್ತದೆ. ಡಾಕ್ಟರು ಆ ಜಾಗ ಬಿಟ್ಟು ಬೇರೆ ದಾರಿ ಹಿಡಿಯುತ್ತಾರೆ. ಇದನ್ನೆಲ್ಲ ನಾನು ತಿಳಿದದ್ದು ಆಪರೇಷನ್ ಆದ ಮೇಲೆ. ಯಂತ್ರ ಕೊಡಿ ಎಂದು ನಮ್ಮ ಡಾಕ್ಟರು ನಿಮಗೆ ಎರಡು ಸಲ ಬರೆದಿದ್ದರಂತೆ. ಅದನ್ನು ಕೊಟ್ಟ ದಾನಿಗಳು ಆಷಾಢದಲ್ಲಿ ಉದ್ಘಾಟನೆಗೆ ಒಲ್ಲೆ ಎಂದಿದ್ದಾರೆ, ಶ್ರಾವಣದ ಮೊದಲ ಸೋಮವಾರದವರೆಗೆ ಯಾರೂ ಮುಟ್ಟಕೂಡದು ಎಂದು ನೀವು ಉತ್ತರಿಸಿದಿರಂತೆ. ಗಡ್ಡೆ ಯಾವ ಮುಹೂರ್ತ ನೋಡಿ ಬೆಳೆಯಿತು, ಸ್ವಾಮೀ? ಅದಕ್ಕೂ ನಿಮ್ಮ ಪಂಚಾಂಗ ತೋರಿಸಿದ್ದಿರೇನು?

ದುರ್ಗದಬೈಲಿನ ನಮ್ಮ ಕುಪ್ಪಸದ ಖಣದ ಅಂಗಡಿಯಲ್ಲಿ ನಾನು ಬರೀ ಬಟ್ಟೆ ಅಳೆಯುವವನು, ಮಾರುತ್ತಿದ್ದವಳು ಆಕೆ. "ತಗೊಳ್ಳೋದು ಬ್ಯಾಡ್ರಿ ಅಕ್ಕಾ, ಮೈಮ್ಯಾಲೆ ಇಟ್ಟು ನೋಡ್ರಿ ಸಾಕು" ಎನ್ನುತ್ತಿದ್ದಳು. ನೋಡಿದವರು ಕೊಂಡೇ ಹೋಗುತ್ತಿದ್ದರು. ಈಗ ಮೂಗಿನ ನಳಿಗೆಯಲ್ಲಿ ಗಂಜಿ ಬಿಡುತ್ತೇನೆ. ಮೊನ್ನೆ ಪಾಟಿಯ ಮೇಲೆ ಬರೆದಳು: "ಒಂದ ಗುಟುಕು ಚಾ ಕೊಡ್ರಿ." ಕೊಟ್ಟರೆ ಪುಪ್ಪುಸಕ್ಕೆ ಇಳಿಯುತ್ತದಂತೆ. ಹೊರಗೆ ಹೋಗಿ ಅತ್ತುಬಿಟ್ಟೆ.

ನಿಮ್ಮೊಬ್ಬರನ್ನೇ ಬೈದು ಕೈ ತೊಳೆದುಕೊಳ್ಳಲು ನನ್ನ ಮನಸ್ಸು ಒಪ್ಪುತ್ತಿಲ್ಲ. ಆಪರೇಷನ್ನಿನ ಹಿಂದಿನ ದಿನ ನಿಮ್ಮ ಗುಮಾಸ್ತರು, ಹೊಸ ಯಂತ್ರ ಬಂದಿದೆ, ಆಷಾಢ ಕಳೆಯಲೆಂದು ಇಟ್ಟಿದ್ದೇವೆ ಎಂದು ನನ್ನ ಮುಂದೆಯೇ ಅಂದಿದ್ದರು. ಅದು ಯಾತಕ್ಕೆ ಎಂದು ಸಹ ನಾನು ಕೇಳಲಿಲ್ಲ. "ಬರೋಬ್ಬರಿ ಐತ್ರಿ, ಆಷಾಢದಾಗ ಯಾರರ ಹೊಸಾದು ಸುರು ಮಾಡ್ತಾರೇನ್ರಿ?" ಎಂದೆ. ನಮ್ಮ ಅಂಗಡಿ ತೆರೆದದ್ದೂ ಆಷಾಢ ಕಳೆದ ಮೇಲೆಯೇ. ಹಾಗೆಂದ ನಾಲಿಗೆ ಇನ್ನೂ ಆಡುತ್ತಿದೆ. ಆಕೆ ಯಾರಿಗೆ ಏನು ಮಾಡಿದ್ದಳು?

ಇದೇ ಗುರುವಾರ ನಮ್ಮದೇ ವಾರ್ಡಿನಲ್ಲಿರುವ, ಮುಗದ ಊರಿನ ಹುಡುಗಿ ಅಬೀದಾಳ ಆಪರೇಷನ್. ಅದೇ ಜಾಗ, ಅಂಥದೇ ಗಡ್ಡೆ. ಆಷಾಢ ಕಳೆಯಲು ಇನ್ನೂ ಹನ್ನೊಂದು ದಿನವಿದೆ. ದಾನಿಗಳು ಬೇಕಾದರೆ ಶ್ರಾವಣದಲ್ಲಿ ಮತ್ತೊಂದು ರಿಬ್ಬನ್ ಕಟ್ಟಿಸಿ ಕತ್ತರಿಸಲಿ, ನಾನೇ ತಂದುಕೊಡುತ್ತೇನೆ. ಯಂತ್ರವನ್ನು ಬುಧವಾರ ಸಂಜೆಯೊಳಗೆ ಡಾಕ್ಟರ ಕೈಗೆ ಒಪ್ಪಿಸಿ. ನಿನ್ನೆ ಆ ಹುಡುಗಿ ನಮ್ಮ ಮಂಚದ ಹತ್ತಿರ ಬಂದು, "ಕಾಕಾ, ಕಾಕು ಯಾಕ ಮಾತಾಡವಲ್ರು? ನನಗೂ ಹಿಂಗ ಆಗತೈತೇನ್ರಿ?" ಎಂದು ಕೇಳಿದಳು. ಉತ್ತರವನ್ನು ನೀವೇ ಬಂದು ಹೇಳಿ. ಗುರುವಾರದವರೆಗಂತೂ ಆಕೆಗೆ ಕೇಳುವ ಬಾಯಿ ಇದೆ.

ಇಂತಿ,
ದಾಕ್ಷಾಯಿಣಿಯ ಗಂಡನೆಂದು ಹೇಳಿಕೊಳ್ಳಲು ನಾಚುವ
ಮುರುಗೆಪ್ಪ, ದುರ್ಗದಬೈಲ್, ಹುಬ್ಬಳ್ಳಿ