ಗೋಡೆಯ ಮೇಲಿನವರು

ಒಪೋಟಿಕಿ, ನ್ಯೂಜಿಲೆಂಡ್
ಜೂನ್ ೧೧, ಮಂಗಳವಾರ

ಪಾನಿಯಾ,

‘ಪ್ರೀತಿಯ’ ಎಂಬ ಮಾತನ್ನು ಈ ಸಲ ಮರೆತಿಲ್ಲ, ಬೇಕೆಂದೇ ಬಿಟ್ಟಿದ್ದೇನೆ.

ಸಿನಿಮಾದ ಆರಂಭದಲ್ಲಿ ಹೆಸರುಗಳು ಮೂಡುವ ಭಾಗವನ್ನು ನೀನು ರೂಪಿಸಿ ಕಳುಹಿಸಿದ್ದೆಯಲ್ಲ, ಅದನ್ನು ಭಾನುವಾರ ನಮ್ಮ ಸಭಾಮನೆಯಲ್ಲಿ ಎಲ್ಲರೊಡನೆ ಕುಳಿತು ನೋಡಿದೆ. ಕಪ್ಪು ನೀರು, ಅದರ ಮೇಲೆ ತೇಲಿಬರುವ ಬಿಳಿಯ ಅಕ್ಷರ, ದೂರದಲ್ಲೆಲ್ಲೋ ಹುಟ್ಟು ಹಾಕುವ ಸದ್ದು. ಇದು ಸಮುದ್ರದಿಂದ ಮರಳದವರ ಕಥೆಯೆಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ನಿನ್ನ ತಂದೆಯ ಮುಖ ನೀರಿನೊಳಗಿಂದ ಮೂಡಿದಾಗ ನಾನು ತಲೆ ತಗ್ಗಿಸಿದೆ. ಆ ಚಿತ್ರವನ್ನು ಸಭಾಮನೆಯ ಗೋಡೆಯಿಂದ, ತೀರಿಕೊಂಡವರ ಸಾಲಿನಿಂದ, ಇಳಿಸಿ ನಿನಗೆ ಕೊಟ್ಟವಳು ನಾನೇ. ಅದಕ್ಕೆ ನನ್ನ ತಕರಾರಿಲ್ಲ.

ಆದರೆ ಆ ಮುಖ ಕರಗುತ್ತ ಕರಗುತ್ತ ನನ್ನ ಬಳಿ ಬೆಳೆಯುತ್ತಿರುವ ನಿನ್ನ ಮಗಳು ಕಾಹುವಿನ ಮುಖವಾಯಿತಲ್ಲ, ಅದನ್ನು ಯಾವ ಬುದ್ಧಿಯಿಂದ ಮಾಡಿದೆ? ತೀರಿಕೊಂಡವರ ಗೋಡೆಗೆ ಬದುಕಿರುವವರ ಚಿತ್ರವನ್ನು ನಾವು ತೂಗುಹಾಕುವುದಿಲ್ಲ. ಮದುವೆಯ ಚಿತ್ರದಲ್ಲಿ ನಿನ್ನ ತಂದೆಯ ಪಕ್ಕ ನಾನಿದ್ದೇನೆಂಬ ಕಾರಣಕ್ಕೇ ಅವರು ತೀರಿಕೊಂಡಾಗ ಗೋಡೆಗೆ ಬೇರೆ ಚಿತ್ರ ಹುಡುಕಿದೆವು. ಪೆಟ್ಟಿಗೆಗಳನ್ನು ಜಾಲಾಡಿದವಳು ನೀನೇ.

ನಿನ್ನ ರಿಪೆಕಾ ಅತ್ತೆ ಎಲ್ಲರ ಮುಂದೆ ಕೇಳಿದಳು: “ಅಲ್ಲ ಅತ್ತಿಗೆ, ಮಗು ಇನ್ನೂ ಕುಣ್ಕೊಂಡು ಓಡಾಡ್ತಿದೆ. ಇಷ್ಟು ಬೇಗ ಅದನ್ನ ಯಾಕೆ ಗೋಡೆಗೆ ಹಾಕಿದ್ಲು ನಿಮ್ಮ ಮಗಳು?” ಅಷ್ಟರಲ್ಲಿ ಕಾಹು ನನ್ನ ತೋಳು ಜಗ್ಗಿ, “ಅಜ್ಜಿ, ನಾನೂ ತಾತನ ಹತ್ರ ಹೋಗ್ಬೇಕಾ?” ಎಂದಳು.

ಫೋನಿನಲ್ಲಿ ಇದನ್ನು ಹೇಳಿದರೆ ನೀನು ನಕ್ಕೆ. “ಟೈಟಲ್ ಮುಗಿಯೋಷ್ಟರಲ್ಲಿ ನೋಡೋರ ಮನಸ್ಸು ಹದಕ್ಕೆ ಬಂದಿರ್ಬೇಕಮ್ಮ, ಅಷ್ಟೇ” ಎಂದೆ. ಬಂದಿದೆ. ಸಾವಿನ ಮನೆಯ ಹದಕ್ಕೆ ಬಂದಿದೆ.

ಮುಂದಿನ ಶನಿವಾರದ ಪ್ರದರ್ಶನದೊಳಗೆ ಮಗುವಿನ ಮುಖವನ್ನು ತೆಗೆ. ಅವರ ಮುಖ ಮರೆಯಾದ ಮೇಲೆ ಬರಿಯ ನೀರಿರಲಿ, ಅದರ ಮೇಲೆ ನಿನ್ನ ಹೆಸರು ಮೂಡಲಿ. ತೆಗೆಯದಿದ್ದರೆ, ಇದು ನಿನ್ನ ಮೊದಲ ಸಿನಿಮಾ ಆದರೂ ಸರಿಯೇ, ನಾನು ಬರುವುದಿಲ್ಲ; ಕಾಹುವನ್ನೂ ಕರೆತರುವುದಿಲ್ಲ. ಅವಳು ನಡುಮಧ್ಯಾಹ್ನದಲ್ಲೂ ನನ್ನ ಪಕ್ಕದಲ್ಲಿ ಮಲಗಿದ್ದಾಳೆ. ಆಡಿ ದಣಿದಿರಬೇಕು.

ನಿನ್ನ ತಾಯಿ,
ಮೆರೆಆನಾ

ತಾ.ಕ.: ಆಡಿ ದಣಿದದ್ದಲ್ಲ. ಭಾನುವಾರದಿಂದ ಜ್ವರ. ಗಂಟಲಿನ ಸೋಂಕು, ಶಾಲೆಯ ಅರ್ಧ ಮಕ್ಕಳಿಗೆ ಬಂದಿದೆ ಎಂದು ವೈದ್ಯರು ಹೇಳಿದರು. ನಾನು ಓದಿದವಳು; ಅವರ ಮಾತನ್ನು ನಂಬಿದ್ದೇನೆ. ಆದರೂ ಮಗಳೇ, ಪತ್ರ ಕೈ ಸೇರಿದ ದಿನವೇ ತೆಗೆದುಬಿಡು.